ಹತ್ತು ಸೆಂಟಿನ ಮಹಾವೀರರು

ಅರುವತ್ತು ದಾಟಿದ ಮನುಷ್ಯನೊಬ್ಬನು ರಾತ್ರಿಯ ಊಟ ಮುಗಿಸಿ, ಕನ್ನಡಕವನ್ನು ಒರೆಸಿಕೊಂಡು, ನೀಲಿಯ ಬಿಗಿಯುಡುಪಿನ ಮೇಲೆ ಕೆಂಪು ಮೇಲುವಸ್ತ್ರ ಹೊದ್ದ ವೀರನ ಸಾಹಸಗಳನ್ನು ಓದಲು ಕುಳಿತನೆಂದರೆ ಮನೆಯವರು ಏನೆಂದುಕೊಂಡಾರು? ನನ್ನ ಮನೆಯವರು ಮೊದಮೊದಲು ನಕ್ಕರು. ಆಮೇಲೆ ಅವರಿಗೆ ಅಭ್ಯಾಸವಾಯಿತು. ಮೂರು ವರ್ಷಗಳಿಂದ ನಾನು ಅಮೆರಿಕದ ಹಳೆಯ ಚಿತ್ರಕಥೆಗಳನ್ನು, ಅವು ಪ್ರಕಟವಾದ ಕ್ರಮದಲ್ಲಿಯೇ, ಒಂದು ತಿಂಗಳಿನ ಬೆನ್ನಿಗೆ ಇನ್ನೊಂದು ತಿಂಗಳನ್ನು ಇರಿಸಿಕೊಂಡು ಓದುತ್ತ ಬಂದಿದ್ದೇನೆ.

ಇದಕ್ಕೊಂದು ಪೂರ್ವವೃತ್ತಾಂತವುಂಟು. ನಾನು ಹುಡುಗನಾಗಿದ್ದಾಗ ಈ ಕಥೆಗಳು ನನಗೆ ದೊರೆಯುತ್ತಿದ್ದುದು ಹಳೆಯ ಪುಸ್ತಕಗಳ ರಾಶಿಯಲ್ಲಿ. ಮುಂಬಯಿಯಿಂದ 1964ರಲ್ಲಿ ಹೊರಡತೊಡಗಿದ ಇಂದ್ರಜಾಲ ಕಾಮಿಕ್ಸಿನ ಫ್ಯಾಂಟಮನ ಜೊತೆಗೆ, ಯಾವುದೋ ಹಡಗಿನಲ್ಲಿ ಬಂದು ಯಾವುದೋ ಪಾದಚಾರಿಮಾರ್ಗದ ಮೇಲೆ ಬಿದ್ದಿದ್ದ ಅಮೆರಿಕನ್ ಸಂಚಿಕೆಗಳೂ ಇರುತ್ತಿದ್ದವು. ಮೇಲುಹೊದಿಕೆ ಹರಿದು ಹೋಗಿರುತ್ತಿತ್ತು. ಕೊನೆಯ ಪುಟವನ್ನು ಯಾರೋ ಕಡಲೆಕಾಯಿ ಕಟ್ಟಲು ಕಿತ್ತಿರುತ್ತಿದ್ದರು. ಆದಿಯಿಲ್ಲ, ಅಂತ್ಯವಿಲ್ಲ, ಮಧ್ಯವೊಂದೇ. ಈಗ ಅಮೆರಿಕದಲ್ಲಿರುವ ನನ್ನ ತಂಗಿಯ ಮಗ ಮರುಮುದ್ರಣದ ದಪ್ಪ ಸಂಪುಟಗಳನ್ನು ಕಳುಹಿಸುತ್ತಾನೆ. ಅಲ್ಲಿ ಸಿಕ್ಕದುದು ಗಣಕಯಂತ್ರದ ತೆರೆಯ ಮೇಲೆ ಸಿಕ್ಕುತ್ತದೆ. ಮೊದಲಿನಿಂದ ಓದಬೇಕು, ಮುಂದಿನ ವರ್ಷಗಳ ಪುಟವನ್ನು ಮಾತ್ರ ಮುಟ್ಟಬಾರದು ಎಂದು ನಿಯಮ ಮಾಡಿಕೊಂಡೆ. ಆ ನಿಯಮವನ್ನು ಒಮ್ಮೆ ಮುರಿದೆ. ಆ ಮಾತನ್ನು ಮುಂದೆ ಹೇಳುತ್ತೇನೆ.

ಕ್ರಮವಾಗಿ ಓದುವುದು ಸುಲಭವೆಂದು ತೋರಬಹುದು. ಮೊದಲ ರಾತ್ರಿಯೇ ತೊಡಕು ಎದುರಾಯಿತು. ಸೂಪರ್‌ಮ್ಯಾನ್ ಜನಿಸಿದ ‘ಆಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯ ಮುಖಪುಟದ ಮೇಲೆ 1938ರ ಜೂನ್ ಎಂದಿದೆ. ಅದು ಅಂಗಡಿಗೆ ಬಂದದ್ದು ಏಪ್ರಿಲ್ ತಿಂಗಳಿನಲ್ಲಿ. ಪತ್ರಿಕೆ ಹಳತಾಯಿತೆಂದು ಅಂಗಡಿಯವನು ಬೇಗ ಹಿಂದಿರುಗಿಸದಿರಲೆಂದು ಮುಂದಿನ ತಿಂಗಳಿನ ಹೆಸರನ್ನು ಅಚ್ಚು ಹಾಕುತ್ತಿದ್ದರು. ಇದು ಕೇವಲ ಪಂಚಾಂಗದ ಜಗಳವಲ್ಲ. ‘ಕ್ಯಾಪ್ಟನ್ ಅಮೆರಿಕ’ನ ಮೊದಲ ಸಂಚಿಕೆಯಲ್ಲಿ ಅವನು ಹಿಟ್ಲರನ ದವಡೆಗೆ ಗುದ್ದುತ್ತಿದ್ದಾನೆ. ಅದರ ಮೇಲೆ 1941ರ ಮಾರ್ಚ್ ಎಂದಿದ್ದರೂ ಅದು ಮಾರಾಟಕ್ಕೆ ಬಂದದ್ದು 1940ರ ಡಿಸೆಂಬರಿನಲ್ಲಿ. ಅಮೆರಿಕ ಯುದ್ಧಕ್ಕೆ ಇಳಿಯಲು ಇನ್ನೂ ಒಂದು ವರ್ಷವಿತ್ತು. ಅದನ್ನು ಸೃಷ್ಟಿಸಿದ ಜೋ ಸೈಮನ್, ಜ್ಯಾಕ್ ಕರ್ಬಿ ಇಬ್ಬರೂ ಯೆಹೂದಿ ಮನೆತನಗಳ ಮಕ್ಕಳು. ಸರಕಾರ ಕೈಯೆತ್ತುವ ಮೊದಲೇ ಅವರ ನಾಯಕ ಕೈಯೆತ್ತಿದ್ದನೆಂಬುದು ತಾರೀಖನ್ನು ನೋಡಿದವನಿಗೆ ಮಾತ್ರ ತಿಳಿದೀತು.

ಆ ಮೊದಲ ಸಂಚಿಕೆಗೆ ಹಿಂದಿರುಗುತ್ತೇನೆ. ಬೆಲೆ ಹತ್ತು ಸೆಂಟು. ಸೂಪರ್‌ಮ್ಯಾನಿನ ಕಥೆ ಹದಿಮೂರು ಪುಟ. ಉಳಿದುದರಲ್ಲಿ ಝಟಾರಾ ಎಂಬ ಮಾಂತ್ರಿಕ, ಕುದುರೆಯೇರಿದ ಶೂರರು, ಮಾರ್ಕೊ ಪೋಲೋನ ಯಾತ್ರೆ, ಹೀಗೆ ಸಂತೆಯ ಸರಕೆಲ್ಲ ಇದೆ. ಪ್ರಕಾಶಕರಿಗೇ ತಮ್ಮ ಭಾಗ್ಯದ ಅರಿವಿರಲಿಲ್ಲವೆಂಬುದಕ್ಕೆ ಸಾಕ್ಷಿ ಬೇಕೆ? ಎರಡನೆಯ ಸಂಚಿಕೆಯಿಂದ ಆರನೆಯದರವರೆಗೆ ಮುಖಪುಟದ ಮೇಲೆ ಸೂಪರ್‌ಮ್ಯಾನ್ ಇಲ್ಲವೇ ಇಲ್ಲ. ಏಳನೆಯದರಲ್ಲಿ ಮರಳಿ ಬಂದ.

ಈ ಆದಿಪುರುಷನಿಗೆ ಹಾರಲು ಬಾರದು. ಒಂದು ಮೈಲಿಯ ಎಂಟನೆಯ ಒಂದು ಭಾಗದಷ್ಟು ದೂರ ನೆಗೆಯಬಲ್ಲ, ಅಷ್ಟೆ. ಹಾರಾಟವನ್ನು ಅವನಿಗೆ ಕಲಿಸಿದವು 1940ರಲ್ಲಿ ಆರಂಭವಾದ ಬಾನುಲಿ ನಾಟಕ ಮತ್ತು ಮರುವರ್ಷದ ಚಲನಚಿತ್ರಗಳು. ಅವನನ್ನು ಕೊಲ್ಲಬಲ್ಲ ಕ್ರಿಪ್ಟೊನೈಟ್ ಶಿಲೆಯೂ ಬಾನುಲಿಯಿಂದಲೇ ಬಂದದ್ದು. ಪುಸ್ತಕಕ್ಕೆ ಅದು ಇಳಿದುದು 1949ರಲ್ಲಿ. ಆದರೆ ನನ್ನನ್ನು ಬೆರಗುಗೊಳಿಸಿದುದು ಅವನಿಗೆ ಇಲ್ಲದ ಶಕ್ತಿಯಲ್ಲ, ಅವನಿಗಿದ್ದ ಕೋಪ. ಅವನ ವೈರಿಗಳು ಅನ್ಯಗ್ರಹದ ರಾಕ್ಷಸರಲ್ಲ. ಮೊದಲ ಕಥೆಯಲ್ಲಿ ಹೆಂಡತಿಯನ್ನು ಬಡಿಯುವ ಗಂಡನಿದ್ದಾನೆ, ಒಬ್ಬ ಸೆನೆಟರನನ್ನು ವಶಮಾಡಿಕೊಂಡು ದೇಶವನ್ನು ಯೂರೋಪಿನ ಕಲಹಕ್ಕೆ ಎಳೆಯಲು ಹವಣಿಸುವ ದಲ್ಲಾಳಿಯಿದ್ದಾನೆ. ಎರಡನೆಯದರಲ್ಲಿ ಮದ್ದುಗುಂಡು ತಯಾರಿಸುವ ಧನಿಕನನ್ನೇ ಹಿಡಿದು ಸಿಪಾಯಿಯಾಗಿ ರಣರಂಗಕ್ಕೆ ತಳ್ಳುತ್ತಾನೆ. ಮೂರನೆಯದರಲ್ಲಿ, ಸುರಕ್ಷತೆಗೆ ಕಾಸು ಬಿಚ್ಚದ ಗಣಿಯ ಒಡೆಯನನ್ನು ಅವನ ಅತಿಥಿಗಳೊಡನೆ ಅವನದೇ ಗಣಿಯೊಳಗೆ ಸಿಕ್ಕಿಸಿಬಿಡುತ್ತಾನೆ. ಎಂಟನೆಯದನ್ನಂತೂ ನಾನು ಎರಡು ಸಲ ಓದಿದೆ. ಕೊಳೆಗೇರಿಯ ಹುಡುಗರು ಕಳ್ಳರಾಗುವುದು ಕೇರಿಯ ದೋಷದಿಂದ ಎಂದು ಬಗೆದ ಸೂಪರ್‌ಮ್ಯಾನ್, ಜನರನ್ನು ಹೊರಗೆ ಕಳುಹಿಸಿ ಇಡೀ ಕೇರಿಯನ್ನೇ ಕೆಡವುತ್ತಾನೆ. ಅವನನ್ನು ತಡೆಯಲು ಸೈನ್ಯ ಬಂದು ವಿಮಾನದಿಂದ ಬಾಂಬು ಹಾಕಿದರೆ ಉಳಿದ ಗೋಡೆಗಳು ಆ ಬಾಂಬಿನಿಂದಲೇ ಉರುಳುತ್ತವೆ. ಕಡೆಗೆ ಸರಕಾರ ಹೊಸ ಮನೆಗಳನ್ನು ಕಟ್ಟಿಸಿಕೊಡಬೇಕಾಗುತ್ತದೆ. ಆರ್ಥಿಕ ಮುಗ್ಗಟ್ಟಿನಲ್ಲಿ ಬೆಳೆದ ಕ್ಲೀವ್‌ಲೆಂಡ್ ನಗರದ ಇಬ್ಬರು ಯುವಕರು ಹೊಟ್ಟೆಯುರಿದು ಕಂಡ ಕನಸು ಇದು.

ಯುದ್ಧಕಾಲದ ಸಂಚಿಕೆಗಳ ಬಗೆಗೆ ಬರೆಯಲು ಲೇಖನಿ ಹಿಂಜರಿಯುತ್ತದೆ. ವಿನೋದವಿಲ್ಲದೆ ಇಲ್ಲ. ಸೈನ್ಯಕ್ಕೆ ಸೇರಹೋದ ಕ್ಲಾರ್ಕ್ ಕೆಂಟ್, ತನ್ನ ಕ್ಷ-ಕಿರಣದ ದೃಷ್ಟಿಯಿಂದ ಪಕ್ಕದ ಕೋಣೆಯಲ್ಲಿದ್ದ ಅಕ್ಷರಗಳ ಹಲಗೆಯನ್ನು ಓದಿ, ಕಣ್ಣಿನ ಪರೀಕ್ಷೆಯಲ್ಲಿ ಅನುತ್ತೀರ್ಣನಾದುದು 1942ರ ದಿನಪತ್ರಿಕೆಯ ಚಿತ್ರಮಾಲೆಯಲ್ಲಿ. ಆದರೆ ಅದೇ ವರ್ಷಗಳ ಪುಸ್ತಕಗಳಲ್ಲಿ ಜಪಾನೀಯನೆಂದರೆ ಕೋರೆಹಲ್ಲಿನ ಹಳದಿ ಪ್ರಾಣಿ. ಕರಿಯನೆಂದರೆ ದಪ್ಪ ತುಟಿಯ ಕೋಡಂಗಿ. ‘ಕ್ಯಾಪ್ಟನ್ ಮಾರ್ವೆಲ್’ ಕಥೆಗಳಲ್ಲಿ ಸ್ಟೀಮ್‌ಬೋಟ್ ಎಂಬ ಅಂಥದೊಂದು ಪಾತ್ರವಿತ್ತು. ಪುಟ ತಿರುವುತ್ತ ತಿರುವುತ್ತ ನಾನು ಪುಸ್ತಕ ಮುಚ್ಚಿದ ರಾತ್ರಿಗಳುಂಟು. ಓದುವುದನ್ನೇ ಬಿಡಬೇಕೆಂದು ಯೋಚಿಸಿದ ಒಂದು ವಾರವೂ ಉಂಟು. ಕಾಲ ಹಾಗಿತ್ತು ಎಂಬ ಸಮಾಧಾನವನ್ನು ಹೇಳಿಕೊಳ್ಳೋಣವೆಂದರೆ ಅದೂ ಪೂರ್ತಿ ನಿಜವಲ್ಲ. 1945ರಲ್ಲಿ ನ್ಯೂಯಾರ್ಕಿನ ಶಾಲಾಮಕ್ಕಳ ತಂಡವೊಂದು ಆ ಪಾತ್ರದ ಚಿತ್ರವನ್ನು ಹಿಡಿದುಕೊಂಡು ಸಂಪಾದಕರ ಕಚೇರಿಗೇ ಹೋಗಿ ಪ್ರತಿಭಟಿಸಿತು, ಪಾತ್ರ ಕಣ್ಮರೆಯಾಯಿತು. ಅದೇ ಕಾಲದ ಮಕ್ಕಳಿಗೆ ಅದು ತಪ್ಪೆಂದು ಗೊತ್ತಿತ್ತು.

ಐವತ್ತರ ದಶಕದ ಮಾತನ್ನು ಬೇಗ ಮುಗಿಸುತ್ತೇನೆ; ಆ ಕಥೆಗಳೂ ಅಷ್ಟಕ್ಕೆ ಮಾತ್ರ ಯೋಗ್ಯ. ಮನೋವೈದ್ಯ ಫ್ರೆಡ್ರಿಕ್ ವರ್ದಮ್ ಅವರು ಈ ಪುಸ್ತಕಗಳು ಮಕ್ಕಳನ್ನು ಕೆಡಿಸುತ್ತವೆಂದು 1954ರಲ್ಲಿ ಗ್ರಂಥವನ್ನೇ ಬರೆದರು. ಸೆನೆಟಿನ ಉಪಸಮಿತಿ ವಿಚಾರಣೆ ನಡೆಸಿತು. ಹೆದರಿದ ಪ್ರಕಾಶಕರು ತಾವಾಗಿಯೇ ಒಂದು ನಿಯಮಾವಳಿಯನ್ನು ಮಾಡಿಕೊಂಡರು. ವರ್ದಮ್ ದುಷ್ಟರಲ್ಲ, ಹಾರ್ಲೆಮಿನಲ್ಲಿ ಬಡ ಕರಿಯರಿಗಾಗಿ ಚಿಕಿತ್ಸಾಲಯ ತೆರೆದವರು. ಆದರೂ ಅವರ ಕಾಗದಪತ್ರಗಳನ್ನು ಪರಿಶೀಲಿಸಿದ ಕ್ಯಾರಲ್ ಟಿಲಿ ಎಂಬ ವಿದುಷಿ, ಅವರು ಮಕ್ಕಳ ಹೇಳಿಕೆಗಳನ್ನು ತಿದ್ದಿದ್ದರೆಂದು 2012ರಲ್ಲಿ ತೋರಿಸಿಕೊಟ್ಟರು. ಆ ನಿಯಮಾವಳಿಯ ಪ್ರಕಾರ ಪೊಲೀಸರು, ನ್ಯಾಯಾಧೀಶರು, ಸರಕಾರಿ ಅಧಿಕಾರಿಗಳು ಇವರ ಬಗ್ಗೆ ಅಗೌರವ ಹುಟ್ಟುವಂತೆ ಚಿತ್ರಿಸಕೂಡದು. ಲಂಚಕ್ಕೆ ಒಲಿದ ಸೆನೆಟರನಿದ್ದ 1938ರ ಆ ಮೊದಲ ಕಥೆ 1955ರಲ್ಲಿ ಅಚ್ಚಾಗುವುದು ಕಷ್ಟವಾಗುತ್ತಿತ್ತು. ಕೊಳೆಗೇರಿ ಕೆಡವಿದವನು ಈಗ ಲೋಯಿಸ್ ಲೇನಳಿಂದ ತನ್ನ ಗುಟ್ಟನ್ನು ಮರೆಮಾಚುವುದರಲ್ಲೇ ದಿನ ಕಳೆಯುತ್ತಾನೆ.

ಇನ್ನು ನಿಯಮಭಂಗದ ಮಾತು. ಜೆರ್ರಿ ಸೀಗಲ್ ಬರೆದವರು, ಜೋ ಶಸ್ಟರ್ ಚಿತ್ರಿಸಿದವರು. ಪ್ರತಿಯೊಂದು ಕಥೆಯ ಶೀರ್ಷಿಕೆಯ ಬಳಿ ಆ ಎರಡು ಹೆಸರುಗಳನ್ನು ನೋಡಿ ನೋಡಿ ಅವು ನನಗೆ ನೆರೆಮನೆಯವರ ಹೆಸರುಗಳಂತಾಗಿದ್ದವು. 1948ನ್ನು ದಾಟುವಾಗ ಒಂದು ರಾತ್ರಿ ಏನೋ ಕೊರತೆಯೆನಿಸಿತು. ಹಿಂದಿನ ಸಂಚಿಕೆಗಳನ್ನು ತೆಗೆದು ಹೋಲಿಸಿದೆ. ಹೆಸರುಗಳಿರಲಿಲ್ಲ.

ಕಾರಣ ತಿಳಿಯದೆ ನಿದ್ರೆ ಬರುವಂತಿರಲಿಲ್ಲ. ನಿಯಮ ಮುರಿದು ಮುಂದಿನ ಚರಿತ್ರೆಯನ್ನು ಓದಿದೆ. ಇಪ್ಪತ್ತಮೂರು ವರ್ಷದ ಆ ಇಬ್ಬರು ಗೆಳೆಯರು 1938ರಲ್ಲಿ 130 ಡಾಲರಿಗೆ ಸೂಪರ್‌ಮ್ಯಾನಿನ ಸಮಸ್ತ ಹಕ್ಕನ್ನೂ ಬರೆದುಕೊಟ್ಟಿದ್ದರು. 1947ರಲ್ಲಿ ನ್ಯಾಯಾಲಯಕ್ಕೆ ಹೋದರು, ಮರುವರ್ಷ ರಾಜಿಯಾಯಿತು, ಸ್ವಲ್ಪ ಹಣ ಬಂತು, ಹೆಸರು ಹೋಯಿತು. ಶಸ್ಟರ್ ಅವರ ಕಣ್ಣು ಕ್ರಮೇಣ ಮಂದವಾಯಿತು. ಸೀಗಲ್ ಕಡೆಗೆ ಗುಮಾಸ್ತೆಯ ಕೆಲಸಕ್ಕೆ ಸೇರಿದರು. 1975ರಲ್ಲಿ, ಸೂಪರ್‌ಮ್ಯಾನಿನ ದೊಡ್ಡ ಚಲನಚಿತ್ರವೊಂದು ಸಿದ್ಧವಾಗಲಿದೆಯೆಂದು ಕೇಳಿ, ಸೀಗಲ್ ಪತ್ರಿಕೆಗಳಿಗೆ ಶಾಪಪ್ರಾಯವಾದ ದೀರ್ಘ ಪತ್ರ ಬರೆದರು. ನೀಲ್ ಆಡಮ್ಸ್, ಜೆರ್ರಿ ರಾಬಿನ್‌ಸನ್ ಮುಂತಾದ ಚಿತ್ರಕಾರರು ಅವರ ಪರವಾಗಿ ಹೋರಾಡಿದರು. ಆ ಡಿಸೆಂಬರಿನಲ್ಲಿ ಕಂಪನಿ ಇಬ್ಬರಿಗೂ ವರ್ಷಕ್ಕೆ 20,000 ಡಾಲರುಗಳ ವೇತನವನ್ನು ಒಪ್ಪಿತು. ಹೆಸರುಗಳೂ ಪುಟಕ್ಕೆ ಮರಳಿದವು. ಆ 130 ಡಾಲರುಗಳನ್ನೊಳಗೊಂಡ ಚೆಕ್ಕಿನ ಚೀಟಿ 2012ರ ಹರಾಜಿನಲ್ಲಿ 1,60,000 ಡಾಲರಿಗೆ ಹೋಯಿತಂತೆ!

ಈ ಅರಿವನ್ನು ಹೊತ್ತುಕೊಂಡು ಹಳೆಯ ಜಾಗಕ್ಕೆ ಬಂದು ಓದನ್ನು ಮುಂದುವರಿಸಿದೆ. ಅರಿವಿಗೂ ಒಂದು ದಂಡವಿದೆ. ಸೀಗಲ್ 1959ರಲ್ಲಿ ತಮ್ಮದೇ ನಾಯಕನ ಕಥೆಗಳನ್ನು ಬರೆಯಲು ಕೂಲಿಯ ಲೇಖಕರಾಗಿ, ಹೆಸರಿಲ್ಲದೆ, ಹಿಂದಿರುಗಿದ್ದರೆಂಬುದನ್ನು ಆ ರಾತ್ರಿಯೇ ಓದಿದ್ದೆ. ಆದ್ದರಿಂದ ಹೋದ ತಿಂಗಳು 1961ರ ನವೆಂಬರ್ ಸಂಚಿಕೆಗೆ ಬಂದಾಗ ನನ್ನ ಕೈ ತುಸು ತಡೆಯಿತು. ಅದು ಕಾಲ್ಪನಿಕ ಕಥೆಯೆಂದು ಮೊದಲೇ ಹೇಳಿಬಿಟ್ಟಿದ್ದಾರೆ. ಅದರಲ್ಲಿ ಲೂಥರ್ ಸ್ನೇಹದ ಸೋಗು ಹಾಕಿ, ಸೂಪರ್‌ಮ್ಯಾನನ್ನು ಕ್ರಿಪ್ಟೊನೈಟಿನ ಕಿರಣಗಳಿಗೆ ಒಡ್ಡಿ ಕೊಲ್ಲುತ್ತಾನೆ. ಮೋಸವಿಲ್ಲ, ಪುನರ್ಜನ್ಮವಿಲ್ಲ, ಅವನು ನಿಜವಾಗಿ ಸಾಯುತ್ತಾನೆ. ಶವಪೆಟ್ಟಿಗೆಯ ಮುಂದೆ ಲೋಯಿಸ್, ಜಿಮ್ಮಿ, ಪೆರ್ರಿ ವೈಟ್, ಬೇರೆ ಬೇರೆ ಲೋಕಗಳಿಂದ ಬಂದವರು ಒಬ್ಬೊಬ್ಬರಾಗಿ ನಿಂತು ಕಣ್ಣೊರೆಸಿಕೊಂಡು ಹೋಗುತ್ತಾರೆ. ಬರೆದವರು ಸೀಗಲ್. ಶೀರ್ಷಿಕೆಯ ಕೆಳಗೆ ಯಾರ ಹೆಸರೂ ಇಲ್ಲ.