ಕುಳ್ಳನ ಮೂರು ಸೊನ್ನೆ

ನಮ್ಮ ಬೆಸಗರಹಳ್ಳಿ ಕಡೆ ನಾಡಕುಸ್ತಿಗೆ ಮೊದಲು ಜೋಡಿ ಕಟ್ಟುತ್ತಾರೆ. ತೂಕ, ಮೈಕಟ್ಟು ನೋಡಿ ಸಮಾನರನ್ನೇ ಅಖಾಡಕ್ಕೆ ಇಳಿಸುತ್ತಾರೆ. ಹಳೆಯ ನಗೆಚಿತ್ರಗಳದು ಇದರ ತದ್ವಿರುದ್ಧ. ದೈತ್ಯನೆದುರು ಬೇಕೆಂದೇ ಕುಳ್ಳನನ್ನು ನಿಲ್ಲಿಸಿದರೆ ಅರ್ಧ ನಗು ಅಲ್ಲೇ ಸಿದ್ಧ.

ಕನ್ನಡದಲ್ಲಿ ಇಂಥ ಅಸಮ ಜೋಡಿಯನ್ನು ಹೆಸರಿನಲ್ಲೇ ಕಟ್ಟಿದ ಚಿತ್ರ 1972ರ ‘ಕುಳ್ಳ ಏಜೆಂಟ್ 000’. ನಿರ್ದೇಶಕ ಕೆ.ಎಸ್.ಎಲ್. ಸ್ವಾಮಿ, ನಾಯಕ ದ್ವಾರಕೀಶ್. ಅಣಕಕ್ಕೆ ಸಿಕ್ಕ ಎದುರಾಳಿ ಸಾಕ್ಷಾತ್ ಜೇಮ್ಸ್ ಬಾಂಡ್! ಅವನಿಗೆ ಕೊನೆಯಲ್ಲಿ ಏಳಾದರೂ ಇದೆ, ನಮ್ಮವನಿಗೆ ಮೂರೂ ಸೊನ್ನೆ. ಕಿಶೋರ್ ಕುಮಾರ್ ಕನ್ನಡದಲ್ಲಿ ಹಾಡಿದ್ದು ಈ ಚಿತ್ರಕ್ಕೇ.

ಮೆಕ್ಯಾನಿಕಲ್ ಓದುವ ನನಗೆ ದ್ವಾರಕೀಶ್ ಇನ್ನೂ ಹತ್ತಿರ. ಹುಣಸೂರಿನಲ್ಲಿ ಹುಟ್ಟಿದ ಅವರು ಮೈಸೂರಿನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ವಾಹನಗಳ ಬಿಡಿಭಾಗದ ಅಂಗಡಿ ನಡೆಸಿದ್ದವರು. 1969ರಲ್ಲಿ ರಾಜ್‌ಕುಮಾರ್ ನಾಯಕರಾಗಿದ್ದ ‘ಮೇಯರ್ ಮುತ್ತಣ್ಣ’ ನಿರ್ಮಿಸಿದರು. ಮೂರು ವರ್ಷದ ಬಳಿಕ ಅವರೇ ನಾಯಕ. ‘ಕುಳ್ಳ’ ಎಂಬ ಮಾತನ್ನು ಬಚ್ಚಿಡಲಿಲ್ಲ, ಚಿತ್ರದ ಹೆಸರಿನ ಮೊದಲಿಗೇ ಬಂತು.

ನಾನೂ ಐದಡಿ ಎರಡಂಗುಲದವನು. ಕ್ಯಾಂಪಸ್ ಸಂದರ್ಶನದ ತಯಾರಿಯಲ್ಲಿ, ಇಂಗ್ಲಿಷನ್ನು ಅರಳು ಹುರಿದಂತೆ ಮಾತಾಡುವ ಆಜಾನುಬಾಹುಗಳ ನಡುವೆ ಕೂತಾಗ ಜೋಡಿ ಸರಿಯಿಲ್ಲ ಅನ್ನಿಸುತ್ತದೆ. ಅನುಭವದ ಕಾಲಂನಲ್ಲೂ ಸೊನ್ನೆ. ಆದರೆ ಕೆಲಸದ ಅಖಾಡದಲ್ಲಿ ನಮಗಾಗಿ ಯಾರೂ ಜೋಡಿ ಕಟ್ಟುವುದಿಲ್ಲ ಗೆಳೆಯರೇ. ಇರುವುದನ್ನೇ ಪಟ್ಟು ಮಾಡಿಕೊಂಡು ಇಳಿಯಬೇಕು. ಹತ್ತನೇ ತರಗತಿವರೆಗೆ ಓದಿದ್ದು ಹಳ್ಳಿಯ ಕನ್ನಡ ಶಾಲೆಯಲ್ಲಿ ಎಂಬುದನ್ನು ಈಗ ಸ್ವಪರಿಚಯದ ಮೊದಲ ಸಾಲಿಗೇ ಹಾಕಿದ್ದೇನೆ.