ಹತ್ತಂಕಿಯ ಸಂಖ್ಯೆಯನ್ನು ಒಡೆಯುವುದು ಹೇಗೆ?

4,29,49,67,297. ಬಾಯಲ್ಲಿ ಹೇಳುವುದಾದರೆ 429 ಕೋಟಿ 49 ಲಕ್ಷ 67 ಸಾವಿರದ 297. ಇದು 2³² + 1, ಅಂದರೆ ಮೂವತ್ತೆರಡು ಎರಡುಗಳನ್ನು ಗುಣಿಸಿ ಒಂದು ಕೂಡಿಸಿದರೆ ಬರುವ ಸಂಖ್ಯೆ. ಘಾತದ ಜಾಗದಲ್ಲಿ 1, 2, 4, 8, 16 ಇಟ್ಟರೆ 3, 5, 17, 257, 65,537 ಸಿಗುತ್ತವೆ. ಐದೂ ಅವಿಭಾಜ್ಯ. ಹಾಗಾದರೆ ಆರನೆಯದೂ ಅವಿಭಾಜ್ಯವೇ ಎಂದು 17ನೇ ಶತಮಾನದ ಫ್ರೆಂಚ್ ಗಣಿತಜ್ಞ ಪಿಯರ್ ಡಿ ಫರ್ಮಾ ನಂಬಿದ್ದ. ಕಾಗದ, ಪೆನ್ಸಿಲ್ ಹಿಡಿದು ನಾವೇ ನೋಡೋಣ.

ಮೊದಲು ಕೊನೆಯ ಅಂಕಿ. ಅದು 7, ಹಾಗಾಗಿ 2, 5 ಹೊರಗೆ. ಅಂಕಿಗಳನ್ನೆಲ್ಲ ಕೂಡಿಸಿದರೆ 59. ಅದು 3ರ ಮಗ್ಗಿಯಲ್ಲಿಲ್ಲ, ಆದ್ದರಿಂದ 3 ಕೂಡ ಹೊರಗೆ.

7, 11, 13 ಮೂರನ್ನೂ ಒಂದೇ ಏಟಿಗೆ ಪರೀಕ್ಷಿಸಬಹುದು, ಏಕೆಂದರೆ 7 × 11 × 13 = 1001. ಕೋಟಿ-ಲಕ್ಷದ ಅಲ್ಪವಿರಾಮ ಮರೆತು ಬಲದಿಂದ ಮೂರು ಮೂರು ಅಂಕಿ ಕತ್ತರಿಸಿ: 4 | 294 | 967 | 297. ಬಲತುದಿಯಿಂದ ಒಂದನ್ನು ಕಳೆದು ಒಂದನ್ನು ಕೂಡುತ್ತ ಹೋಗಿ: 297 − 967 + 294 − 4 = −380. 380ನ್ನು ಆ ಮೂರರಲ್ಲಿ ಯಾವುದರಿಂದ ಭಾಗಿಸಿದರೂ ಶೇಷ ಉಳಿಯುತ್ತದೆ. ಮೂರೂ ಹೊರಗೆ.

ಹೀಗೆ ಎಲ್ಲಿಯವರೆಗೆ? ವರ್ಗಮೂಲದವರೆಗೆ, ಅಂದರೆ 65,536ರವರೆಗೆ. ಅಷ್ಟರೊಳಗೆ 6,542 ಅವಿಭಾಜ್ಯಗಳಿವೆ. ಒಂದೊಂದಾಗಿ ಭಾಗಿಸುತ್ತ ಕೂತರೆ ತಿಂಗಳುಗಳೇ ಬೇಕು.

ಗಣಿತಜ್ಞ ಲಿಯೊನಾರ್ಡ್ ಆಯ್ಲರ್ 1732ರಲ್ಲಿ ಉತ್ತರ ಹೇಳಿದ, ದಾರಿಯನ್ನು ವಿವರಿಸಿದ್ದು ಆಮೇಲೆ. ಈ ಸಂಖ್ಯೆಯನ್ನು ಭಾಗಿಸುವ ಯಾವ ಅವಿಭಾಜ್ಯವೇ ಆಗಲಿ, ಅದನ್ನು 64ರಿಂದ ಭಾಗಿಸಿದರೆ ಶೇಷ 1 ಬರಲೇಬೇಕು ಎಂಬುದು ಅವನು ಕಂಡುಕೊಂಡ ಸೂತ್ರ. ಈ ಜರಡಿ ಹಿಡಿದರೆ ಮೊದಲು ಸಿಗುವ ಅವಿಭಾಜ್ಯಗಳು 193, 257, 449, 577, 641. ನಾಲ್ಕು ಸೋಲುತ್ತವೆ, ಐದನೆಯದು ಗೆಲ್ಲುತ್ತದೆ:

4,29,49,67,297 = 641 × 67,00,417

ಭಾಗಾಕಾರವಿಲ್ಲದೆಯೂ ಇದನ್ನು ತಾಳೆ ನೋಡಬಹುದು. 641ರಿಂದ ಭಾಗಿಸುವಾಗ 640ರ ಬದಲು −1 ಎಂದಿಟ್ಟುಕೊಳ್ಳಬಹುದು. 640 ಎಂದರೆ 5 × 2⁷. ಅದರ ನಾಲ್ಕನೇ ಘಾತ 625 × 2²⁸, ಇದಕ್ಕೆ ಶೇಷ 1. ಇನ್ನು 641 = 625 + 16, ಆದ್ದರಿಂದ 625ರ ಜಾಗದಲ್ಲಿ −16 ಇಡಬಹುದು. 16 ಎಂದರೆ 2⁴. ಅಲ್ಲಿಗೆ −2³²ಕ್ಕೆ ಶೇಷ 1, 2³² + 1ಕ್ಕೆ ಶೇಷ ಸೊನ್ನೆ.

641 ಮತ್ತು 67,00,417ನ್ನು ಗುಣಿಸಲು ಶಾಲೆಯ ಹುಡುಗನಿಗೂ ಐದು ನಿಮಿಷ ಸಾಕು. ತಿರುಗಿ ಒಡೆಯಲು ಫರ್ಮಾನಿಂದ ಆಯ್ಲರ್‌ವರೆಗೆ ಸುಮಾರು ತೊಂಬತ್ತು ವರ್ಷ ಹಿಡಿಯಿತು. ಅಂತರ್ಜಾಲದಲ್ಲಿ ಗುಟ್ಟು ಕಾಯುವ ಆರ್‌ಎಸ್‌ಎ ಎಂಬ ಗೂಢಲಿಪಿಯ ಬೀಗ ನಿಂತಿರುವುದು ಈ ಅಂತರದ ಮೇಲೆಯೇ. 2048 ಬಿಟ್‌ನ ಕೀಲಿ ಎಂದರೆ 617 ಅಂಕಿಗಳ ಸಂಖ್ಯೆ, ಎರಡು ಅವಿಭಾಜ್ಯಗಳ ಗುಣಲಬ್ಧ. ಆ ಎರಡನ್ನು ಯಾವ ಸೂತ್ರಕ್ಕೂ ಒಳಪಡದಂತೆ ಚೀಟಿ ಎತ್ತಿದ ಹಾಗೆ ಆರಿಸುತ್ತಾರೆ. ಫರ್ಮಾನ ಸಂಖ್ಯೆ ಸಿಕ್ಕಿಬಿದ್ದದ್ದು ಅದು ದೊಡ್ಡದಾಗಿರದಿದ್ದುದಕ್ಕಷ್ಟೇ ಅಲ್ಲ, ಅದರ ಹುಟ್ಟಿನ ಗುಟ್ಟು ಎಲ್ಲರಿಗೂ ಗೊತ್ತಿದ್ದುದಕ್ಕೂ ಹೌದು.