ಹಡಗು ಕಾಯುವುದಿಲ್ಲ: ದ್ವೀಪಯಾನಕ್ಕೆ ಹೊರಡುವ ವರ್ತಕರ ಲೆಕ್ಕ

ಹಿರಿಯೂರಿನ ವಾಣಿವಿಲಾಸ ಸಾಗರವು 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ಅಷ್ಟು ನೀರನ್ನು ಒಟ್ಟಿಗೆ ಕಾಣಲು ಸುತ್ತಲಿನ ತಾಲ್ಲೂಕುಗಳ ಜನ ತಂಡೋಪತಂಡವಾಗಿ ಬಂದರು. ಇಂತಹ ಬಯಲುಸೀಮೆಯ ವರ್ತಕರಿಗೆ ಸಮುದ್ರಯಾನದ ಆಕರ್ಷಣೆ ಎಷ್ಟೆಂಬುದನ್ನು ವಿವರಿಸಬೇಕಾಗಿಲ್ಲ. ಸಿಮೆಂಟ್, ಬಣ್ಣ, ಕೀಟನಾಶಕಗಳ ಕಂಪನಿಗಳು ಗುರಿ ಮುಟ್ಟಿದ ವಿತರಕರನ್ನು ಪ್ರವಾಸಕ್ಕೆ ಕರೆದೊಯ್ಯುವುದು ವಾಡಿಕೆಯಾಗಿದೆ. ಸ್ವಂತ ಖರ್ಚಿನಲ್ಲಿ ಕುಟುಂಬ ಸಮೇತ ಹೊರಡುವವರೂ ಇದ್ದಾರೆ. ವಿಮಾನದಲ್ಲಿ ಕೊಚ್ಚಿಗೆ ಹೋಗಿ, ಅಲ್ಲಿಂದ ಹಡಗಿನಲ್ಲಿ ಲಕ್ಷದ್ವೀಪ ಸುತ್ತಿ ಬರುವುದು ಇವುಗಳಲ್ಲಿ ಒಂದು.

ಲಕ್ಷದ್ವೀಪ ಆಡಳಿತದ ‘ಸ್ಪೋರ್ಟ್ಸ್’ ಎಂಬ ಪ್ರವಾಸೋದ್ಯಮ ಸಂಸ್ಥೆ ರೂಪಿಸಿದ ‘ಸಮುದ್ರಂ’ ಯಾನ ಐದು ದಿನಗಳದ್ದು. ಹಡಗು ರಾತ್ರಿ ಚಲಿಸುತ್ತದೆ. ಹಗಲಿನಲ್ಲಿ ಕವರತ್ತಿ, ಕಲ್ಪೇನಿ, ಮಿನಿಕಾಯ್ ದ್ವೀಪಗಳಲ್ಲಿ ದಿನಕ್ಕೊಂದರಂತೆ ಇಳಿದು, ಸಂಜೆಗೆ ಮರಳಿ ಹಡಗು ಸೇರಬೇಕು. ಈ ಯಾನಕ್ಕೆ ಬಳಸುವ ಎಂ.ವಿ. ಕವರತ್ತಿಯಲ್ಲಿ 700 ಮಂದಿಗೆ ಸ್ಥಳಾವಕಾಶವಿದೆ. ಸಾವಿರಾರು ಜನರನ್ನು ಹೊರುವ ವಿದೇಶಿ ವಿಹಾರನೌಕೆಗಳ ಮುಂದೆ ಇದು ಚಿಕ್ಕ ಹಡಗು. ಆದರೂ ಹವಳದ ದಿಬ್ಬಗಳ ನಡುವಿನ ಆಳವಿಲ್ಲದ ನೀರಿಗೆ ಇದು ಬರಲಾರದು. ಹೊರಗೇ ಲಂಗರು ಹಾಕಿ, ಪ್ರಯಾಣಿಕರನ್ನು ಸಣ್ಣ ದೋಣಿಗಳಿಗೆ ಇಳಿಸಲಾಗುತ್ತದೆ. ಅಲೆಯಲ್ಲಿ ತೂಗುವ ದೋಣಿಗೆ ಕಾಲಿಡುವುದು ಮಂಡಿನೋವಿನ ಹಿರಿಯರಿಗೆ ಸುಲಭವಲ್ಲ. ಈ ಮಾತನ್ನು ಪ್ರವಾಸದ ವರ್ಣರಂಜಿತ ಪತ್ರಿಕೆಗಳು ದಪ್ಪ ಅಕ್ಷರದಲ್ಲಿ ಮುದ್ರಿಸುವುದಿಲ್ಲ.

ನಿಜವಾದ ತೊಡಕು ಇರುವುದು ಸಮುದ್ರದಲ್ಲಲ್ಲ, ವಿಮಾನಕ್ಕೂ ಹಡಗಿಗೂ ನಡುವಿನ ಅಂತರದಲ್ಲಿ. ವಿಮಾನದ ಟಿಕೆಟ್ ಒಂದು ಕರಾರು, ಹಡಗಿನ ಟಿಕೆಟ್ ಮತ್ತೊಂದು. ಬೇರೆ ಬೇರೆಯಾಗಿ ಖರೀದಿಸಿದಾಗ ಒಂದರ ವಿಳಂಬಕ್ಕೆ ಮತ್ತೊಂದು ಹೊಣೆಯಲ್ಲ. ವಿಮಾನ ರದ್ದಾದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮಗಳಂತೆ ಬದಲಿ ವಿಮಾನ ಅಥವಾ ಹಣ ವಾಪಸಾತಿ ದೊರೆಯಬಹುದು. ಕೆಲವು ಸಂದರ್ಭಗಳಲ್ಲಿ ಮಿತವಾದ ಪರಿಹಾರವೂ ಉಂಟು. ಆದರೆ ತಪ್ಪಿಹೋದ ಹಡಗಿನ ಬೆಲೆಯನ್ನು ಯಾವ ವಿಮಾನ ಸಂಸ್ಥೆಯೂ ತುಂಬಿಕೊಡುವುದಿಲ್ಲ. ದೇಶದಲ್ಲಿ 2025ರ ಡಿಸೆಂಬರ್ ಮೊದಲ ವಾರದಲ್ಲಿ ಸಾವಿರಾರು ವಿಮಾನಗಳು ರದ್ದಾದುದು ವರ್ತಕರ ನೆನಪಿನಲ್ಲಿದೆ. ಡಿಸೆಂಬರ್ ಎಂಬುದು ದ್ವೀಪಯಾನದ ಹಂಗಾಮೂ ಹೌದು.

ಈ ಜಿಲ್ಲೆಯವರ ಪ್ರಯಾಣವನ್ನೇ ಗಂಟೆಗಳಲ್ಲಿ ಲೆಕ್ಕ ಹಾಕಿದರೆ ಸಂಗತಿ ಸ್ಪಷ್ಟವಾಗುತ್ತದೆ. ಚಿತ್ರದುರ್ಗದಿಂದ ಬೆಂಗಳೂರು ಸುಮಾರು 200 ಕಿಲೋಮೀಟರ್. ಹೊಳಲ್ಕೆರೆಯವರು ಮೊದಲು ಚಿತ್ರದುರ್ಗಕ್ಕೆ, ಹೊಸದುರ್ಗದವರು ಹಿರಿಯೂರಿಗೆ ಬಂದು ಹೆದ್ದಾರಿ ಹಿಡಿಯಬೇಕು. ನಗರದ ದಟ್ಟಣೆ ತಪ್ಪಿಸಲು ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ, ದೊಡ್ಡಬಳ್ಳಾಪುರದ ಮೂಲಕ ದೇವನಹಳ್ಳಿ ಸೇರುವುದು ಜಾಣತನ. ಹಾಗಿದ್ದರೂ ನಾಲ್ಕು ಗಂಟೆ ಹಿಡಿಯಬೇಕು. ವಿಮಾನ ನಿಲ್ದಾಣದ ತಪಾಸಣೆಗೆ ಎರಡು ಗಂಟೆ, ಹಾರಾಟಕ್ಕೆ ಒಂದು ಗಂಟೆಯ ಮೇಲೆ. ಇಳಿಯುವ ನೆಡುಂಬಾಶ್ಶೇರಿ ನಿಲ್ದಾಣದಿಂದ ಹಡಗಿನ ಧಕ್ಕೆ ಇರುವ ವಿಲ್ಲಿಂಗ್ಡನ್ ದ್ವೀಪಕ್ಕೆ ಮತ್ತೆ 30 ಕಿಲೋಮೀಟರಿಗೂ ಹೆಚ್ಚಿನ ನಗರದ ದಾರಿ. ನಸುಕಿನಲ್ಲಿ ಮನೆ ಬಿಟ್ಟು ಅದೇ ದಿನ ಹಡಗು ಹತ್ತುವ ಯೋಜನೆ ಕಾಗದದ ಮೇಲೆ ಸರಿಹೋಗುತ್ತದೆ. ಒಂದು ಟೈರ್ ಪಂಕ್ಚರ್ ಆದರೆ ಸರಿಹೋಗದು. ಹಿಂದಿನ ದಿನವೇ ಕೊಚ್ಚಿ ತಲುಪಿ ಒಂದು ರಾತ್ರಿ ತಂಗುವ ಖರ್ಚನ್ನು ದುಂದುವೆಚ್ಚವೆಂದು ತಿಳಿಯುವವರು, ಸರಕಿಗೆ ವಿಮೆ ಮಾಡಿಸುವಾಗ ಹಾಗೆ ಯೋಚಿಸುವುದಿಲ್ಲವೆಂಬುದು ವಿಚಿತ್ರ. ಬೆಂಗಳೂರಿನಿಂದ ಎರ್ನಾಕುಲಂಗೆ ರಾತ್ರಿ ರೈಲು ಸಹ ಇದೆ. ವಾಪಸಾಗುವಾಗಲೂ ಇದೇ ನಿಯಮ: ಹಡಗು ಧಕ್ಕೆಗೆ ಬರುವ ದಿನದ ಬೆಳಗಿನ ವಿಮಾನವನ್ನು ಕಾದಿರಿಸಬಾರದು.

ಅಗತ್ತಿಯಲ್ಲಿ ವಿಮಾನ ನಿಲ್ದಾಣವಿದೆ. ರನ್‌ವೇ ಸುಮಾರು 1,200 ಮೀಟರ್ ಮಾತ್ರವಾದ್ದರಿಂದ ಅಲ್ಲಿಗೆ ಹೋಗುವವು ಸಣ್ಣ ವಿಮಾನಗಳು, ಆಸನಗಳೂ ಕಡಿಮೆ. ಯಾವ ದಾರಿಯಲ್ಲಿ ಹೋದರೂ 1967ರ ನಿಯಮಗಳಂತೆ ಹೊರಗಿನವರಿಗೆ ಪ್ರವೇಶ ಪರವಾನಿಗೆ ಕಡ್ಡಾಯ. ಅದು ಕೈಸೇರುವ ಮೊದಲೇ ಹಣ ವಾಪಸು ಬಾರದ ವಿಮಾನ ಟಿಕೆಟ್ ಖರೀದಿಸುವುದು ದುಡುಕು.

ಇನ್ನು ತೆರಿಗೆಯ ಮಾತು. ಪ್ರವಾಸದ ಬಿಲ್ಲನ್ನು ಅಂಗಡಿಯ ಹೆಸರಿಗೆ ಬರೆಸುವ ಅಭ್ಯಾಸ ವ್ಯಾಪಕವಾಗಿದೆ. ವ್ಯಾಪಾರಕ್ಕೆಂದೇ ಸಂಪೂರ್ಣವಾಗಿ ಮಾಡದ ವೆಚ್ಚವನ್ನು ಆದಾಯದಿಂದ ಕಳೆಯುವಂತಿಲ್ಲ. ಸ್ವಂತ ಉಪಭೋಗದ ಸೇವೆಗೆ ಜಿ.ಎಸ್.ಟಿ. ಹೂಡುವಳಿ ಜಮೆಯೂ ಇಲ್ಲ. ಕಂಪನಿಯೇ ಕರೆದೊಯ್ದರೆ ಎಲ್ಲವೂ ಉಚಿತವೆಂಬ ಭಾವನೆಯೂ ತಪ್ಪು. 2022ರ ಜುಲೈ 1ರಿಂದ ಜಾರಿಗೆ ಬಂದ 194ಆರ್ ವಿಧಿಯು, ವರ್ಷವೊಂದರಲ್ಲಿ 20,000 ರೂಪಾಯಿ ಮೀರಿದ ಇಂತಹ ಪ್ರಯೋಜನದ ಮೇಲೆ ಶೇ. 10ರಷ್ಟು ತೆರಿಗೆ ಕಡಿತವನ್ನು ವಿಧಿಸಿತು. 2026ರ ಏಪ್ರಿಲ್ 1ನ್ನು ಜಾರಿಯ ದಿನವಾಗಿ ನಿಗದಿಪಡಿಸಿದ 2025ರ ಹೊಸ ಕಾಯಿದೆಯಲ್ಲಿ ವಿಧಿಯ ಸಂಖ್ಯೆ ಬದಲಾದರೂ ತತ್ವ ಅದೇ. ಪ್ರವಾಸದ ಮೌಲ್ಯ ವಿತರಕನ ವ್ಯಾಪಾರದ ಆದಾಯಕ್ಕೆ ಸೇರುತ್ತದೆ.

ಉದಾಹರಣೆಗೆ, ದಂಪತಿಗಳಿಗೆ ವಿಮಾನ, ಹಡಗು ಸೇರಿ 1,20,000 ರೂಪಾಯಿಯ ಪ್ರವಾಸವೆನ್ನೋಣ. ಕಡಿತದ ಮೊತ್ತ 12,000 ರೂಪಾಯಿ. ವಿತರಕ ಶೇ. 30ರ ಹಂತದಲ್ಲಿದ್ದರೆ ಸೆಸ್ ಸೇರಿ ಒಟ್ಟು ತೆರಿಗೆ 37,440 ರೂಪಾಯಿ. ಉಳಿದ 25,440 ರೂಪಾಯಿಯನ್ನು ಅವನೇ ಕಟ್ಟಬೇಕು. ತೆರಿಗೆಯ 26ಎಎಸ್ ತಖ್ತೆಯಲ್ಲಿ ಕಡಿತ ದಾಖಲಾಗಿರುವುದರಿಂದ, ವಿವರಪತ್ರದಲ್ಲಿ ಬಿಟ್ಟುಬಿಟ್ಟವರಿಗೆ ಇಲಾಖೆಯ ಪತ್ರ ಬರುವುದರಲ್ಲಿ ಆಶ್ಚರ್ಯವಿಲ್ಲ. ಹೊಸ ಸರಕಿನ ಪರಿಚಯ, ಮಾರಾಟ ತರಬೇತಿಗಳೇ ಮುಖ್ಯವಾದ ಸಮ್ಮೇಳನಕ್ಕೆ 2022ರ ಜೂನ್ ಸುತ್ತೋಲೆಯಲ್ಲಿ ವಿನಾಯಿತಿ ಇತ್ತು. ಆದರೆ ಗುರಿ ಮುಟ್ಟಿದವರನ್ನಷ್ಟೇ ಕರೆದರೆ ಅದು ಅನ್ವಯಿಸದು. ಜೊತೆಯಲ್ಲಿ ಬರುವ ಕುಟುಂಬದವರ ಖರ್ಚಿಗೂ ಇಲ್ಲ. ಹೊರಡುವ ಮುನ್ನವೇ ಪ್ರವಾಸದ ಮೌಲ್ಯವನ್ನೂ ಕಡಿತದ ಮೊತ್ತವನ್ನೂ ಕಂಪನಿಯಿಂದ ಲಿಖಿತವಾಗಿ ಪಡೆದಿಟ್ಟುಕೊಳ್ಳುವುದು ಒಳಿತು.

ಹೊಸದುರ್ಗ, ಹಿರಿಯೂರುಗಳ ತೆಂಗಿನ ವರ್ತಕರಿಗೆ ಈ ದ್ವೀಪಗಳು ಪೂರಾ ಪರಕೀಯವಲ್ಲ. ಉತ್ತರದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು 1787ರಲ್ಲಿ ಟಿಪ್ಪುವಿನ ವಶಕ್ಕೆ ಬಂದು, 1799ರ ನಂತರ ಬ್ರಿಟಿಷರ ಕೆನರಾ ಜಿಲ್ಲೆಯ ಆಡಳಿತಕ್ಕೆ ಸೇರಿದವು. 1956ರ ನವೆಂಬರ್ 1ರವರೆಗೂ ಅವು ದಕ್ಷಿಣ ಕನ್ನಡದ ಭಾಗ. ದ್ವೀಪದವರು ತಮ್ಮ ತೆಂಗಿನ ನಾರಿನ ಹುರಿಯನ್ನು ಸರ್ಕಾರಕ್ಕೇ ಒಪ್ಪಿಸಿ, ಬದಲಿಗೆ ಅಕ್ಕಿ ಪಡೆಯಬೇಕಾಗಿತ್ತು. ಬೆಲೆ ಕಟ್ಟುವ ಹಕ್ಕು ಒಂದೇ ಕೈಯಲ್ಲಿದ್ದರೆ ಬೆಳೆದವನ ಪಾಡೇನೆಂಬುದು ಮಂಡಿಯಲ್ಲಿ ಕುಳಿತವರಿಗೆ ಹೇಳಬೇಕಾದುದಿಲ್ಲ.

ಮಂಗಳೂರಿನ ಹಳೆ ಬಂದರಿನಿಂದ ದ್ವೀಪಗಳಿಗೆ ಸರಕು ಸಾಗಿಸುವ ವಹಿವಾಟು ದೀರ್ಘಕಾಲದ್ದು. 2024ರ ಮೇ ತಿಂಗಳಲ್ಲಿ ‘ಪರಳಿ’ ಎಂಬ ವೇಗದ ಪ್ರಯಾಣಿಕ ನೌಕೆಯೂ ಲಕ್ಷದ್ವೀಪದಿಂದ ಅಲ್ಲಿಗೆ ಬಂದಿತ್ತು. ಅಲ್ಲಿಂದ ಪ್ರವಾಸಿಗಳಿಗೂ ನಿಗದಿತ ಹಡಗು ಸಂಚಾರ ನೆಲೆಗೊಂಡರೆ ಚಿತ್ರದುರ್ಗದವರು ವಿಮಾನದ ಗೊಡವೆಯಿಲ್ಲದೆ, ಒಂದು ರಾತ್ರಿಯ ಬಸ್ ಪ್ರಯಾಣದಲ್ಲಿ ಧಕ್ಕೆ ತಲುಪಬಹುದು.